ಕ್ರಿ.ಶ. 776 ಯಾರ ವರ್ಷ?

ಕ್ರಿ.ಶ. 776ರ ಪ್ರಮುಖ ಘಟನೆ ಯಾವುದೆಂದು ಹುಡುಕಿದರೆ, ಫ್ರಾಂಕರ ದೊರೆ ಶಾರ್ಲಮೇನ್ ಇಟಲಿಯ ಫ್ರಿಯುಲಿಯ ದಂಗೆ ಅಡಗಿಸಿದ ಸುದ್ದಿ ಸಿಕ್ಕೀತು. ಅದೇ ವರ್ಷದ, ಅಂದರೆ ಶಕ 698ರ ತಾಮ್ರಶಾಸನವೊಂದು ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತಿದೆ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯ 50ನೇ ವರ್ಷವದು. ಅದರ ವಿಷಯ ಯುದ್ಧವಲ್ಲ. ಶ್ರೀಪುರದ ಉತ್ತರಕ್ಕೆ ಕುಂದಾಚಿ ಎಂಬ ಹೆಣ್ಣುಮಗಳು ಕಟ್ಟಿಸಿದ ಲೋಕತಿಲಕ ಜಿನಾಲಯದ ಪೂಜೆಗೆ, ದುರಸ್ತಿಗೆ, ಆಕೆಯ ಗಂಡ ಪೃಥ್ವೀನಿರ್ಗುಂದ ರಾಜನ ಕೋರಿಕೆಯಂತೆ ದೊರೆ ಪೊನ್ನಳ್ಳಿ ಗ್ರಾಮವನ್ನು ದತ್ತಿ ಬಿಟ್ಟಿದ್ದಾನೆ. ನನ್ನ ಮಟ್ಟಿಗೆ ಆ ವರ್ಷದ ಮುಖ್ಯ ಘಟನೆ ಇದೇ. ಇದಕ್ಕೆ ಎಂಟು ವರ್ಷ ಮೊದಲು ರಾಷ್ಟ್ರಕೂಟ ಒಂದನೇ ಕೃಷ್ಣ ಗಂಗವಾಡಿಗೆ ನುಗ್ಗಿ ಶ್ರೀಪುರುಷನ ನೆಲೆವೀಡಾದ ಮಣ್ಣೆಯಲ್ಲೇ ಬೀಡುಬಿಟ್ಟಿದ್ದನ್ನು ತಳೇಗಾಂವ್ ತಾಮ್ರಪಟ ಹೇಳುತ್ತದೆ. ದಂಡಯಾತ್ರೆಯನ್ನಷ್ಟೇ ಓದಿದವರಿಗೆ ಗಂಗರ ಕಥೆ ಅಲ್ಲಿಗೇ ಮುಗಿಯಿತು ಅನ್ನಿಸುತ್ತದೆ. ಆದರೆ ಊರು ದತ್ತಿ ಬಿಡುವ, ಎಲ್ಲೆ ಕಟ್ಟುವ ಅಧಿಕಾರ 776ರಲ್ಲೂ ಶ್ರೀಪುರುಷನ ಕೈಯಲ್ಲೇ ಇತ್ತು. ರಾಜ್ಯ ಉಳಿಯಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕೆ?

ಗಂಗರ ತಾಮ್ರಪಟಗಳನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಹಳೆಯದು, ಹಗುರವಾದದ್ದೂ ಅಲ್ಲ. ಶಾಸನತಜ್ಞ ಜೆ.ಎಫ್. ಫ್ಲೀಟ್ ಅವುಗಳಲ್ಲಿ ಅನೇಕವನ್ನು ಕೂಟಶಾಸನಗಳೆಂದು, ಅಂದರೆ ನಕಲಿಯೆಂದು, ತಳ್ಳಿಹಾಕಿದ್ದರು; ಇನ್ನೊಬ್ಬ ಶಾಸನತಜ್ಞ ಬಿ.ಎಲ್. ರೈಸ್ ಒಪ್ಪಲಿಲ್ಲ. ಮೂಲಪುರುಷ ಕೊಂಗುಣಿವರ್ಮ ಒಂದೇ ಏಟಿಗೆ ಕಲ್ಲುಕಂಬ ತುಂಡರಿಸಿದನೆಂಬ ಹೊಗಳಿಕೆಯನ್ನು ಯಾರೂ ಇತಿಹಾಸ ಅನ್ನಬೇಕಾಗಿಲ್ಲ. ಆದರೆ ಸಂಸ್ಕೃತದ ಆ ಆಡಂಬರ ಮುಗಿದು ಪೊನ್ನಳ್ಳಿಯ ಎಲ್ಲೆ ಹೇಳುವಾಗ ಮೊರಡಿ, ಕೆರೆ ಎಂದು ನೆಲದ ಕನ್ನಡ ಬರುತ್ತದೆ. ವಂಶಾವಳಿಯಲ್ಲಿ ಸುಳ್ಳು ಬರೆದರೆ ದಕ್ಕೀತು. ಎಲ್ಲೆಯಲ್ಲಿ ಬರೆದರೆ ಪಕ್ಕದ ಊರಿನವರು ಮರುದಿನವೇ ಜಗಳಕ್ಕೆ ನಿಲ್ಲುತ್ತಾರೆ. ಕೂಟಶಾಸನ ಸೃಷ್ಟಿಸುವವನೂ ಈ ಭಾಗವನ್ನು ನಿಜದಂತೆಯೇ ಬರೆಯಬೇಕು.

ಕುಂದಾಚಿಯೂ ಅರಮನೆಯವಳೇ ತಾನೆ, ಸಾಮಾನ್ಯರೆಲ್ಲಿ ಎಂದು ಕೇಳಬಹುದು. ನಿಜ. ಆಕೆಯ ತಾಯಿ ಪಲ್ಲವ ದೊರೆಯ ಮಗಳು, ಮಾವ ದುಂಡು ಬಾಣ ವಂಶದವರನ್ನು ಸದೆಬಡಿದವನೆಂದು ಹೆಸರಾದವನು. ಪಲ್ಲವ ಸಂಬಂಧದ ಮನೆತನವೊಂದು ಗಂಗ ಸಾಮಂತರ ಜೊತೆ ನೆಂಟಸ್ತನ ಬೆಳೆಸಿದ್ದು ಗೊತ್ತಾಗುವುದೂ ಈ ಹೆಣ್ಣಿನ ಪರಿಚಯದ ಸಾಲಿನಿಂದಲೇ. ಯುದ್ಧಗಳ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಸಾಮಾನ್ಯರು ಈ ಶಾಸನದಲ್ಲಿ ಇರುವುದು ಪೊನ್ನಳ್ಳಿ ಎಂಬ ಊರಿನ ಹೆಸರಿನೊಳಗೆ. ಬಸದಿಯ ಪೂಜೆ, ದುರಸ್ತಿಯ ಖರ್ಚು ಹುಟ್ಟಬೇಕಾಗಿದ್ದುದು ಅಲ್ಲಿ ಉತ್ತವರ ಬೆಳೆಯಿಂದ.