ಬೆಳೆಯಿಲ್ಲದ ಸುಗ್ಗಿ

ಜನವರಿ ಬಂತೆಂದರೆ ನಮ್ಮ ಜಾಲಹಳ್ಳಿಯ ಸುತ್ತಮುತ್ತಲಿನ ಶಾಲೆಗಳಲ್ಲೆಲ್ಲ ‘ಸುಗ್ಗಿ ಸಂಭ್ರಮ’. ಅಂಗಳದಲ್ಲಿ ಬಣ್ಣ ಬಳಿದ ಮಡಕೆ, ಎರಡು ಕಬ್ಬಿನ ಜಲ್ಲೆ, ಬಾಡಿಗೆಗೆ ತಂದ ಎತ್ತಿನಗಾಡಿ. ಹೆಣ್ಣುಮಕ್ಕಳಿಗೆ ಇಳಕಲ್ ಸೀರೆ, ಗಂಡುಮಕ್ಕಳಿಗೆ ಹಸಿರು ಶಾಲು. ಫೋಟೋ ತೆಗೆದಲ್ಲಿಗೆ ಹಬ್ಬ ಮುಗಿಯಿತು.

ಇಂಥದೊಂದು ಸಂಭ್ರಮದ ಮರುದಿನ ಏಳನೆಯ ತರಗತಿಯಲ್ಲಿ, ‘ರಾಗಿ ಬಿತ್ತುವುದು ಯಾವಾಗ?’ ಎಂದು ಕೇಳಿದೆ. ‘ಸಂಕ್ರಾಂತಿಗೇ ಅಲ್ಲವೇ ಮಿಸ್?’ ಎಂದನೊಬ್ಬ ಹುಡುಗ. ಅವನನ್ನೇಕೆ ಬೈಯಲಿ? ಹಬ್ಬ ಮಾಡಿದ ನಾವು ಹಬ್ಬ ಯಾಕೆಂದು ಹೇಳಲೇ ಇಲ್ಲವಲ್ಲ!

ನಮ್ಮ ಸೀಮೆಯಲ್ಲಿ ಮಳೆ ನಂಬಿ ಜುಲೈ ಹೊತ್ತಿಗೆ ಬಿತ್ತಿದ ರಾಗಿ ನವೆಂಬರ್, ಡಿಸೆಂಬರಿನಲ್ಲಿ ಕುಯ್ಲಿಗೆ ಬರುತ್ತದೆ. ತೆನೆ ಸಹಿತ ಬಣವೆ ಒಟ್ಟಿ, ಸಗಣಿಯಿಂದ ಕಣ ಸಾರಿಸಿ, ರೋಣಗಲ್ಲು ಉರುಳಿಸಿ, ಗಾಳಿಗೆ ತೂರಿ ರಾಶಿ ಮಾಡುವಷ್ಟರಲ್ಲಿ ಸಂಕ್ರಾಂತಿ. ವರ್ಷವಿಡೀ ದುಡಿದ ಎತ್ತಿಗೆ ಮೈತೊಳೆದು ಸಂಜೆ ಕಿಚ್ಚು ಹಾಯಿಸುವುದು ಅದಕ್ಕೇ. ದುಡಿಮೆ ಮೊದಲು, ಹಬ್ಬ ಆಮೇಲೆ.

‘ಹೊಲವೇ ಇಲ್ಲದ ಮೇಲೆ ಇಷ್ಟಾದರೂ ಮಾಡುತ್ತೇವಲ್ಲ’ ಎನ್ನುವವರಿದ್ದಾರೆ. ಹೊಲ ಹೋದದ್ದು ನಿಜ. 1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಬಂದವು, ಸಾವಿರಾರು ಮನೆಗಳಿಗೆ ಅನ್ನ ಕೊಟ್ಟವು. ಎಚ್.ಎಂ.ಟಿ. ಕೈಗಡಿಯಾರ ಘಟಕ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಆದರೂ ಗಡಿಯಾರದ ಚರಿತ್ರೆ ಹೇಳಲು ಇಲ್ಲೊಂದು ಸಂಗ್ರಹಾಲಯವಿದೆ. ಅದಕ್ಕೂ ಮೊದಲು ಈ ನೆಲದಲ್ಲಿ ಬೆಳೆದ ರಾಗಿಯ ಚರಿತ್ರೆ ಹೇಳಲು ಥರ್ಮಾಕೋಲಿನ ಎತ್ತು ಸಾಕೇ?

ಹಾಗೆಂದು ಹಳೆಯ ಸುಗ್ಗಿಯೇ ಸ್ವರ್ಗವೆನ್ನುವವರ ಪಕ್ಷವೂ ನನ್ನದಲ್ಲ. ಕಣದಲ್ಲಿ ಕಮ್ಮಾರ, ಬಡಗಿ, ಕುಂಬಾರ, ಅಗಸರಿಗೆ ಆಯ ಅಳೆದು ಕೊಡುತ್ತಿದ್ದರು. ಅದು ದಾನವಲ್ಲ, ವರ್ಷದ ಕೂಲಿ. ಅದೇ ಕಣದಂಚಿನಲ್ಲಿ, ಬೆಳೆ ಕುಯ್ದ ಹೆಂಗಸರೇ ಜಾತಿಯ ಕಾರಣಕ್ಕೆ ದೂರ ನಿಂತು ಸೆರಗೊಡ್ಡುತ್ತಿದ್ದರು. ನಮ್ಮ ಶಾಲೆಗಳ ಸುಗ್ಗಿಯಲ್ಲಿ ಗೌಡನ ವೇಷವುಂಟು, ಗೌಡತಿಯ ವೇಷವುಂಟು; ಕೂಲಿಯವಳ ವೇಷ ಮಾತ್ರ ಯಾರಿಗೂ ಬೇಡ. ಇದು ಮರೆವಲ್ಲ, ಮರೆಮಾಚುವಿಕೆ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ಹೆಸರನ್ನು ಎಷ್ಟು ಶಾಲೆಗಳು ಹೇಳಿದವು?

ನಾನು ಹಬ್ಬ ನಿಲ್ಲಿಸಿ ಎನ್ನುತ್ತಿಲ್ಲ, ಮೊದಲೇ ಶುರುಮಾಡಿ ಎನ್ನುತ್ತಿದ್ದೇನೆ. ಮಳೆಗಾಲದಲ್ಲಿ ಶಾಲೆಯ ಮೂಲೆಯಲ್ಲೊಂದು ಮಡಿ ರಾಗಿ ಬಿತ್ತಿಸಿ. ಜಾಗವಿಲ್ಲವೇ? ಹಳೆಯ ಡಬ್ಬಗಳಲ್ಲಿ ಬಿತ್ತಿಸಿ. ಕಳೆ ಕೀಳಲಿ, ಮಳೆಗೆ ಕಾಯಲಿ, ಗುಬ್ಬಿ ಓಡಿಸಲಿ. ಗಾಡಿಯ ಬಾಡಿಗೆಯ ದುಡ್ಡಿನಲ್ಲಿ ನವೆಂಬರಿನ ಕೃಷಿಮೇಳಕ್ಕೆ ಜಿ.ಕೆ.ವಿ.ಕೆ.ಗೆ ಕರೆದೊಯ್ಯಿರಿ. ಸಂಕ್ರಾಂತಿಯ ದಿನ ಪ್ರತಿ ಮಗುವಿಗೂ ಸಿಗುವುದು ಒಂದು ಹಿಡಿ ರಾಗಿಯಾಗಿರಬಹುದು. ಅದನ್ನು ಮೊದಲು ಯಾರಿಗೆ ಕೊಡಬೇಕೆಂದು ಆ ಮಕ್ಕಳನ್ನೇ ಕೇಳಿ. ಶಾಲೆಯ ಅಂಗಳ ಗುಡಿಸುವ ಆಯಾಳ ಹೆಸರನ್ನು ಒಂದು ಮಗು ಹೇಳಿದರೂ ಸಾಕು, ಸುಗ್ಗಿ ಬಂದಂತೆಯೇ.