ಮಾತಿನ ಸಂತೆಯಲ್ಲಿ ಮರೆತ ಲೆಕ್ಕ

ರಾತ್ರಿಯ ಊಟಕ್ಕೆ ಮುಂಚೆ ವಾರ್ತಾವಾಹಿನಿಗಳ ಮುಂದೆ ಕುಳಿತುಕೊಳ್ಳುವ ವಾಚಕರಿಗೆ ನಾವು ಹೊಸದಾಗಿ ವರ್ಣಿಸತಕ್ಕುದೇನೂ ಇಲ್ಲ. ಆರೇಳು ಮಂದಿ ಮಹಾಶಯರು ಏಕಕಾಲಕ್ಕೆ ಮಾತನಾಡುವರು. ಚರ್ಚೆಯನ್ನು ನಡೆಸತಕ್ಕವರು ಅವರೆಲ್ಲರಿಗಿಂತ ಎತ್ತರದ ದನಿಯಲ್ಲಿ ಪ್ರಶ್ನೆಯನ್ನು ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುವರು. ಒಂದು ತಾಸು ಕಳೆದ ತರುವಾಯ ಯಾರು ಯಾರನ್ನು ಜರೆದರೆಂಬುದು ನೆನಪಿನಲ್ಲಿ ಉಳಿಯುವುದೇ ಹೊರತು, ಬೊಕ್ಕಸದ ಯಾವ ಹಣವು ಯಾವ ಊರಿಗೆ ಹೋಯಿತೆಂಬುದು ತಿಳಿಯುವುದಿಲ್ಲ. ಇದು ಕೇವಲ ಅಭಿರುಚಿಯ ಪ್ರಶ್ನೆಯೆಂದು ಕೆಲವರು ತಿಳಿದಾರು. ನಾವು ಇದನ್ನು ಪ್ರಜೆಗಳ ಹಕ್ಕಿನ ಪ್ರಶ್ನೆಯೆಂದೇ ಭಾವಿಸುತ್ತೇವೆ.

ಈ ಮಾತನ್ನಾಡಲು ರಾಯಚೂರು ಸೀಮೆಯವರಿಗೆ ವಿಶೇಷ ಅಧಿಕಾರವುಂಟು. 1975ರ ಆಗಸ್ಟ್ 1ರಿಂದ ಒಂದು ವರ್ಷದ ವರೆಗೆ, ಅಮೇರಿಕೆಯ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸುವ ಪ್ರಯೋಗವು ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದ ಜಿಲ್ಲೆಗಳು ರಾಯಚೂರು, ಗುಲ್ಬರ್ಗಾ, ವಿಜಾಪುರ. ಬೆಂಗಳೂರಿನಲ್ಲಿ ದೂರದರ್ಶನವು ಕಾಲಿಡುವ ಮೊದಲೇ ನಮ್ಮ ಹಳ್ಳಿಗರು ಸಾರ್ವಜನಿಕ ಪೆಟ್ಟಿಗೆಯ ಮುಂದೆ ಸಾಲಾಗಿ ಕುಳಿತು ಬೇಸಾಯ, ಆರೋಗ್ಯ, ಮಕ್ಕಳ ಶಿಕ್ಷಣಗಳ ಸಂಗತಿಗಳನ್ನು ಕಂಡರು. ಹಿಂದುಳಿದವರಿಗೆ ತಿಳಿವಳಿಕೆಯನ್ನು ಕೊಡುವ ಸಾಧನವೆಂದು ನಮ್ಮ ಸೀಮೆಗೆ ಬಂದ ಯಂತ್ರವು ಇಂದು ನಮ್ಮ ಸೀಮೆಯ ಹೆಸರನ್ನೇ ಮರೆತಂತಿರುವುದು ಖೇದದ ಸಂಗತಿ.

ಚರ್ಚಿಸಲು ವಿಷಯಗಳ ಕೊರತೆಯೇ? ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯು ರಾಜ್ಯದ 114 ತಾಲೂಕುಗಳು ಹಿಂದುಳಿದಿವೆಯೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಲೆಕ್ಕಹಾಕಿ ತೋರಿಸಿತು. ನಮ್ಮ ದೇವದುರ್ಗವು ಈ ಕಡೆಯ ಪಂಕ್ತಿಯಲ್ಲಿ ಕುಳಿತಿತು. 2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ಅನುಚ್ಛೇದವು ಸೇರಿತು. ಅದರ ಮೇರೆಗೆ ರಚಿತವಾಗುವ ಅಭಿವೃದ್ಧಿ ಮಂಡಳಿಯ ಕಾರ್ಯವರದಿಯು ವರ್ಷಕ್ಕೊಮ್ಮೆ ವಿಧಾನಸಭೆಯ ಮುಂದೆ ಬರತಕ್ಕದ್ದು. ಆ ವರದಿಯನ್ನು ಪುಟಪುಟವಾಗಿ ಬಿಡಿಸಿಟ್ಟು ನಡೆದ ಚರ್ಚೆಯನ್ನು ವಾಚಕರಲ್ಲಿ ಎಷ್ಟು ಮಂದಿ ಕಂಡಿದ್ದಾರೆ? 2018ರಲ್ಲಿ ಕೇಂದ್ರ ಸರಕಾರವು ವಿಶೇಷ ಗಮನಕ್ಕೆಂದು ಗುರುತಿಸಿದ ಜಿಲ್ಲೆಗಳಲ್ಲಿ ಕರ್ನಾಟಕದಿಂದ ಸೇರಿದವು ರಾಯಚೂರು ಮತ್ತು ಯಾದಗಿರಿ. ಹದಿನಾರು ವರ್ಷಗಳ ಅಂತರದಲ್ಲಿ ಎರಡು ಪಟ್ಟಿಗಳಲ್ಲಿಯೂ ನಮ್ಮ ಹೆಸರೇ ಏಕೆ ಎಂಬ ಒಂದೇ ಪ್ರಶ್ನೆಯು ಹತ್ತು ರಾತ್ರಿಗಳ ಚರ್ಚೆಗೆ ಸಾಕು.

ಹಾಗಾದರೆ ಕಾರಣವೇನು? ಕಾರಣವೂ ಅರ್ಥಶಾಸ್ತ್ರದ್ದೇ. ಬೆಂಗಳೂರಿನ ಕೊಠಡಿಯಲ್ಲಿ ಆರು ಮಂದಿಯನ್ನು ಜಗಳಕ್ಕೆ ಕೂಡಿಸಲು ತಗಲುವ ವೆಚ್ಚವು ಅಲ್ಪ. ವರದಿಗಾರನೊಬ್ಬನನ್ನು ದೇವದುರ್ಗಕ್ಕೆ ಕಳುಹಿಸಿ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕೊನೆಯ ಹೊಲಕ್ಕೆ ಮುಟ್ಟಿತೇ ಎಂದು ನಾಲ್ಕು ದಿನ ನೋಡಿಸಲು ತಗಲುವ ವೆಚ್ಚವು ಅಧಿಕ. ಜಾಹೀರಾತಿನ ಹಣವಾದರೋ ವೀಕ್ಷಕರ ಎಣಿಕೆಯನ್ನು ಹಿಂಬಾಲಿಸುವುದು. ಆ ಎಣಿಕೆಯ ಮೇಲೆಯೇ ಮೋಸದ ಆರೋಪವು ಬಂದು, 2020ರ ಅಕ್ಟೋಬರದಿಂದ 2022ರ ಮಾರ್ಚಿನ ವರೆಗೆ ವಾರ್ತಾವಾಹಿನಿಗಳ ವಾರದ ಅಂಕಿಗಳ ಪ್ರಕಟಣೆಯು ನಿಂತಿತ್ತು. ಅಂಕಿಗಳು ನಿಂತವು, ಕೂಗಾಟವು ನಿಂತಿತೇ? ರೂಢಿಯಾದ ರೋಗಕ್ಕೆ ಪಥ್ಯವೊಂದೇ ಸಾಲದು.

ಜನರು ಬಯಸುವುದನ್ನೇ ಕೊಡುತ್ತೇವೆಂದು ವಾಹಿನಿಯವರು ಹೇಳುವರು. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ನೋಡುವವರು ನಾವೇ ಅಲ್ಲವೆ? ಆದರೆ ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಸಾರಿದೆ. ಸಾರ್ವಜನಿಕ ಕೆರೆಯ ನೀರನ್ನು ಮಾರುವವನು ನೀರು ಕದಡಿದೆಯೇಕೆಂದು ಕೇಳಿದವರಿಗೆ, ಕುಡಿಯುವವರಿದ್ದಾರೆಂದು ಉತ್ತರ ಕೊಟ್ಟರೆ ಸಲ್ಲುವುದೇ?

ಜಗತ್ತಿಗೆಲ್ಲ ಗೂಗಲ್ ಎಂದರೆ ಕೇಳಿದುದನ್ನು ಹುಡುಕಿಕೊಡುವ ಯಂತ್ರ. ನಮಗಾದರೋ ಅದು ಕೃಷ್ಣೆಯ ದಂಡೆಯ ಮೇಲಿನ ದೇವದುರ್ಗ ತಾಲೂಕಿನ ಹಳ್ಳಿ, ಅಲ್ಲಮಪ್ರಭುವಿನ ಗುಡಿಯಿರುವ ಊರು. ಅನುಭವಮಂಟಪದ ಅಧ್ಯಕ್ಷಪೀಠದಲ್ಲಿ ಕುಳಿತವನು ಅಲ್ಲಮನೆಂದು ಪರಂಪರೆಯು ಹೇಳುತ್ತದೆ. ಅವನು ಬಂದವರನ್ನು ಕಠಿಣವಾಗಿಯೇ ಪ್ರಶ್ನಿಸಿದನು. ಆದರೆ ಉತ್ತರ ಹೇಳಲು ಎಡೆಗೊಟ್ಟನು. ಅಧ್ಯಕ್ಷತೆಯ ಈ ಮರ್ಯಾದೆಯನ್ನು ಕನ್ನಡಿಗರಿಗೆ ಪರದೇಶದವರು ಕಲಿಸಬೇಕಾಗಿಲ್ಲ.

ನಮ್ಮ ಸೂಚನೆಯು ದೊಡ್ಡದಲ್ಲ. ಆಯವ್ಯಯ ಮಂಡನೆಯಾದ ವಾರದಲ್ಲಿ ಒಂದು ತಾಸನ್ನಾದರೂ ಕಲ್ಯಾಣ ಕರ್ನಾಟಕದ ಲೆಕ್ಕಕ್ಕೆ ಮೀಸಲಿಡಲಿ. ಇಬ್ಬರೇ ಬಲ್ಲವರು ಕುಳಿತುಕೊಳ್ಳಲಿ. ಮಂಜೂರಾದ ಹಣ, ಖರ್ಚಾದ ಹಣ, ಆದ ಕೆಲಸ, ಈ ಮೂರನ್ನೂ ಪರದೆಯ ಮೇಲೆ ಬರೆದು ತೋರಿಸಲಿ. ಅಧಿಕಾರಿಗಳು ಕಾಗದಗಳನ್ನು ಕೇಳುವ ಮೊದಲೇ ಪ್ರಕಟಿಸಲಿ. ಸರಕಾರದ ಖರ್ಚಿನಲ್ಲಿ ನಡೆಯುವ ದೂರದರ್ಶನವು ಈ ಕಾರ್ಯಕ್ಕೆ ಮೊದಲು ಕೈಹಚ್ಚಲಿ. ಅದಕ್ಕೆ ಎಣಿಕೆಯ ಹಂಗು ಕಡಿಮೆ. ನಾವಾದರೂ ಜಗಳವು ಆರಂಭವಾದೊಡನೆ ಪೆಟ್ಟಿಗೆಯನ್ನು ಆರಿಸುವಷ್ಟು ಸಂಯಮವನ್ನು ತೋರೋಣ. ಲೆಕ್ಕ ಕೇಳದ ಪ್ರಜೆಗೆ ಲೆಕ್ಕ ಕೊಡುವ ದೊರೆಯು ಯಾವ ಕಾಲದಲ್ಲಿಯೂ ಹುಟ್ಟಿಲ್ಲ.