ಮೀಟರ್ ಓದುವ ದಿನ ಯಾವುದು?

ಅಣಶಿ: ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತುವ ಬಸ್ಸಿನಲ್ಲಿ ಹೆಂಗಸರ ಕೈಯಲ್ಲಿ ಈಗ ಎರಡು ಸೊನ್ನೆ ಚೀಟಿ. ಒಂದು ಕಂಡಕ್ಟರ್ ಕೊಟ್ಟ ಶೂನ್ಯ ಟಿಕೆಟ್. ಇನ್ನೊಂದು ಮನೆಯಲ್ಲಿ ಮಡಚಿಟ್ಟ ಶೂನ್ಯ ಕರೆಂಟ್ ಬಿಲ್ಲು. ಬಸ್ಸಿನದು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ. ಕರೆಂಟಿನದು ಅದೇ ವರ್ಷದ ಜುಲೈ ತಿಂಗಳ ಬಳಕೆಗೆ ಅನ್ವಯವಾಗಿ, ಆಗಸ್ಟ್‌ನಲ್ಲಿ ಮೊದಲ ಸೊನ್ನೆ ಬಿಲ್ಲು ತಂದ ಗೃಹಜ್ಯೋತಿ.

ಎರಡೂ ಸೊನ್ನೆಯೇ. ಆದರೆ ಎರಡೂ ಒಂದೇ ಅಲ್ಲ. ಬಸ್ಸಿನ ಸೊನ್ನೆಗೆ ಮಿತಿ ಇಲ್ಲ. ಜೋಯಿಡಾಕ್ಕೆ ದಿನಾ ಹೋಗಿ ಬಂದರೂ ಸೊನ್ನೆಯೇ. ಕರೆಂಟಿನ ಸೊನ್ನೆಗೆ ಮಾತ್ರ ಒಂದು ಗೆರೆ ಉಂಟು. ಗೆರೆ ದಾಟಿದರೆ ದುಡ್ಡು. ಆ ಗೆರೆ ಎಲ್ಲಿದೆ, ಯಾವತ್ತು ದಾಟಿದೆವು ಎನ್ನುವುದು ಮನೆಯವರಿಗೆ ಗೊತ್ತಾಗುವುದು ಬಿಲ್ಲು ಕೈಗೆ ಬಂದ ಮೇಲೆಯೇ. ಜಗಳ ಹುಟ್ಟುವುದು ಇಲ್ಲಿ.

ಗೆರೆಯ ಲೆಕ್ಕ ಹೀಗಿದೆ. 2022-23ನೇ ಸಾಲಿನಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಸುಟ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿ ಬಂದದ್ದು ಆ ಮನೆಯ ಪಾಲು. ಕಡಿಮೆ ಬಳಸುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ಟೇ ಹೆಚ್ಚು ಕೊಡುವುದೆಂದು 2024ರ ಜನವರಿಯಲ್ಲಿ ಸರಕಾರ ತೀರ್ಮಾನ ಮಾಡಿತು. ಹಳೇ ದಾಖಲೆ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇಕಡಾ 10 ಸೇರಿಸಿ 58. ಪಾಲು ದಾಟಿ 200ರ ಒಳಗೆ ಇದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪಾಲೂ ಇಲ್ಲ ಸೊನ್ನೆಯೂ ಇಲ್ಲ. ಮೊದಲ ಯೂನಿಟ್ಟಿನಿಂದ ಪೂರಾ ಬಿಲ್ಲು ಕಟ್ಟಬೇಕು.

ಕಾನೂನು ಕೇಳುವುದಕ್ಕೆ ಸರಳವಾಗಿಯೇ ಇದೆ. ಈಗ ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಹಳೇ ಸರಾಸರಿ 150 ಯೂನಿಟ್, ಪಾಲು 165 ಎಂದುಕೊಳ್ಳಿ. ಈಗ ಮನೆಗೆ ಫ್ರಿಜ್ ಬಂದಿದೆ, ಮಗನಿಗೆ ಮದುವೆಯಾಗಿದೆ, ದಿನಕ್ಕೆ 6 ಯೂನಿಟ್ ಖರ್ಚು. ಮೀಟರ್ ಓದುವವರು ಸರಿಯಾಗಿ 30ನೇ ದಿನಕ್ಕೆ ಬಂದರೆ 180 ಯೂನಿಟ್. ಪಾಲಿಗಿಂತ 15 ಹೆಚ್ಚು. 2025-26ನೇ ಸಾಲಿಗೆ ಗೊತ್ತುಮಾಡಿದ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ದರದಲ್ಲಿ 87 ರೂಪಾಯಿ. ಮೇಲೆ ತೆರಿಗೆ ಗಿರಿಗೆ ಬೇರೆ. ಯಾರೂ ಬೇಜಾರಿಲ್ಲದೆ ಕಟ್ಟುವ ದುಡ್ಡು.

ಅದೇ ಮನೆಗೆ ಮೀಟರ್ ಓದುವವರು 5 ದಿನ ತಡವಾಗಿ ಬಂದರು ಅನ್ನಿ. 35 ದಿನಕ್ಕೆ 210 ಯೂನಿಟ್. ದಿನದ ಲೆಕ್ಕ ಹಿಡಿಯದೆ ಬರೀ ಆ ಅಂಕಿಯನ್ನೇ ಒಂದು ತಿಂಗಳ ಬಳಕೆ ಅಂತ ಯಂತ್ರಕ್ಕೆ ತಿನ್ನಿಸಿದರೆ 200ರ ಗೆರೆ ದಾಟಿದ ಹಾಗೆ. 210 ಯೂನಿಟ್ಟಿಗೂ ದುಡ್ಡು, ಅಂದರೆ 1,218 ರೂಪಾಯಿ. ನಿಗದಿತ ಶುಲ್ಕ ಇದರ ಮೇಲೆ. ಮುಂದಿನ ಸಲ 25 ದಿನಕ್ಕೇ ಬಂದರೆ 150 ಯೂನಿಟ್, ಸೊನ್ನೆ ಬಿಲ್ಲು. ಎರಡು ತಿಂಗಳು ಸೇರಿದರೆ ಬಳಕೆ ಅದೇ 360. ಕ್ರಮವಾಗಿ ಓದಿದ್ದರೆ ಮನೆಯವರು ಕಟ್ಟಬೇಕಾದದ್ದು 174 ರೂಪಾಯಿ. ಮನೆಯವರು ಒಂದು ದೀಪವನ್ನೂ ಹೆಚ್ಚು ಉರಿಸಿಲ್ಲ. ಹೆಚ್ಚಾದದ್ದು ಮೀಟರ್ ಓದುವವರ ಹಾದಿಯ 5 ದಿನ.

ಇದು ಫ್ರಿಜ್ ಇರುವವರ ಮಾತಾಯಿತು. ಕಾಡಿನ ನಡುವಿನ ಎರಡು ಬಲ್ಬು, ಒಂದು ಟಿ.ವಿ.ಯ ಮನೆಯ ಗತಿ ಏನು? ಹಳೇ ಸರಾಸರಿ 30, ಪಾಲು 40. ಹತ್ತು ದಿನಕ್ಕೆ 12 ಯೂನಿಟ್ ಖರ್ಚು. 30 ದಿನಕ್ಕೆ ಓದಿದರೆ 36, ಸೊನ್ನೆ. ಮಳೆಗಾಲದಲ್ಲಿ 40 ದಿನಕ್ಕೆ ಓದಿದರೆ 48. ಎಂಟು ಯೂನಿಟ್ ಹೆಚ್ಚು, 46 ರೂಪಾಯಿ 40 ಪೈಸೆ. ದೊಡ್ಡ ದುಡ್ಡಲ್ಲ ಎಂದು ಕಚೇರಿಯಲ್ಲಿ ಕೂತವರು ಹೇಳಬಹುದು. ಆದರೆ ಅದನ್ನು ಕಟ್ಟಲು ಕೂಲಿ ಬಿಟ್ಟು ಬಸ್ಸು ಹತ್ತಬೇಕಾದವನಿಗೆ ಅದು 46 ರೂಪಾಯಿಗೆ ಮುಗಿಯುವುದಿಲ್ಲ. ಕಟ್ಟದೆ ಬಿಟ್ಟರೆ ಬಾಕಿ. ಬಾಕಿ ಬೆಳೆದರೆ ಫ್ಯೂಸ್ ಕೀಳುವ ಮಾತು.

ಮೀಟರ್ ಓದುವವರನ್ನು ಬೈದು ಪ್ರಯೋಜನವಿಲ್ಲ. ಅಣಶಿಯ ಸುತ್ತ ಇರುವುದು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಿದ ಕಾಡು. 2007ರಲ್ಲಿ ದಾಂಡೇಲಿಯ ಕಾಡನ್ನೂ ಸೇರಿಸಿ ಹುಲಿ ಮೀಸಲು ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೇ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಹೆಸರಾಯಿತು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಹಳ್ಳ, ಗದ್ದೆ, ಕಾಡು. ಆಷಾಢದ ಮಳೆಯಲ್ಲಿ ಹಳ್ಳ ದಾಟಿ ಹೋಗು ಎಂದು ಯಾರಿಗೂ ಹೇಳುವ ಹಾಗಿಲ್ಲ. 2021ರ ಜುಲೈ ಮಳೆಗೆ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ಬಸ್ಸೇ ನಿಂತಿತ್ತು. ಬಸ್ಸೇ ಬಾರದ ಊರಿಗೆ ಬಿಲ್ಲು ಮಾತ್ರ ದಿನಕ್ಕೆ ಸರಿಯಾಗಿ ಬರಬೇಕೆಂದರೆ ಹೇಗೆ? ತಡ ಆಗುತ್ತದೆ. ತಡವಾದದ್ದು ಯಾರ ತಪ್ಪೂ ಅಲ್ಲ. ಆ ತಡದ ದುಡ್ಡು ಯಾರು ಕಟ್ಟಬೇಕು ಎನ್ನುವುದಷ್ಟೇ ಪ್ರಶ್ನೆ.

ಓದಿದ ಅಂಕಿ ಎಲ್ಲಿಗೆ ಹೋಗುತ್ತದೆ ಎಂದು ಗ್ರಾಹಕರಿಗೆ ತಿಳಿದಿರಬೇಕು. ಊರೂರು ತಿರುಗುವ ಗ್ರಾಮ ವಿದ್ಯುತ್ ಪ್ರತಿನಿಧಿಯ ಕೈಯಲ್ಲಿ ಒಂದು ಸಣ್ಣ ಯಂತ್ರ ಇರುತ್ತದೆ. ಅದರಲ್ಲಿ ಮನೆಮನೆಯ ಆರ್.ಆರ್. ನಂಬರ್, ಹಿಂದಿನ ರೀಡಿಂಗ್ ಮೊದಲೇ ತುಂಬಿರುತ್ತದೆ. ಮೀಟರ್ ನೋಡಿ ಇಂದಿನ ರೀಡಿಂಗ್ ಒತ್ತಿದರೆ ಯಂತ್ರ ಕಳೆದು, ಗುಣಿಸಿ ಚೀಟಿ ಉಗುಳುತ್ತದೆ. ಆಮೇಲೆ ಆ ಅಂಕಿಗಳೆಲ್ಲ ಹೆಸ್ಕಾಂನ ಕಂಪ್ಯೂಟರಿಗೆ ಹೋಗಿ ಸೇರುತ್ತವೆ. ಒಂದು ಅಂಕಿ ತಪ್ಪಿ ಒತ್ತಿದರೆ, ಮನೆ ಬಾಗಿಲು ಹಾಕಿದೆ ಎಂದು ಸರಾಸರಿ ಬರೆದರೆ, ಅದೂ ಹೋಗಿ ಸೇರುತ್ತದೆ. ಕಂಪ್ಯೂಟರ್ ಕೊಟ್ಟದ್ದನ್ನು ತಿನ್ನುತ್ತದೆ. ಅದಕ್ಕೆ ಅಣಶಿಯ ಮಳೆ ಗೊತ್ತಿಲ್ಲ.

ಈ ತೊಂದರೆ ಬರೀ ಕರೆಂಟಿನದಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಈಗ ಅಮೆಜಾನ್, ಮೈಕ್ರೋಸಾಫ್ಟ್‌ನಂಥವರ ದೊಡ್ಡ ಕಂಪ್ಯೂಟರುಗಳನ್ನು ದೂರದಿಂದಲೇ ಬಾಡಿಗೆಗೆ ಹಿಡಿಯುತ್ತವೆ. ಕ್ಲೌಡ್ ಎನ್ನುತ್ತಾರೆ. ಬಳಸಿದಷ್ಟಕ್ಕೆ ಬಾಡಿಗೆ, ಒಪ್ಪಂದದ ಮಟ್ಟ ದಾಟಿದರೆ ಮೇಲ್‌ಖರ್ಚು. ಅಲ್ಲಿಯೂ ಬಳಕೆಯ ದಾಖಲೆಯನ್ನು ಒಂದು ಕಡೆಯಿಂದ ತಂದು ಇನ್ನೊಂದು ಕಡೆ ಬಿಲ್ಲಿನ ಲೆಕ್ಕಕ್ಕೆ ತುಂಬಿಸುವುದೇ ಕೆಲಸ. ಅದೇ ದಾಖಲೆ ಎರಡು ಸಲ ತುಂಬಿದರೆ ಎರಡು ಸಲ ದುಡ್ಡು. ಈ ತಿಂಗಳದ್ದು ಆ ತಿಂಗಳಿಗೆ ಸೇರಿದರೆ ಮಿತಿ ದಾಟಿದ ಹಾಗೆ. ಆದರೆ ಅಲ್ಲಿನ ಗ್ರಾಹಕ ಕುರ್ಚಿಯಲ್ಲಿ ಕೂತೇ ತನ್ನ ದಿನದಿನದ ಖರ್ಚು ನೋಡಬಹುದು. ಮಿತಿ ಹತ್ತಿರ ಬಂದಾಗ ಎಚ್ಚರಿಕೆ ಬರುವ ಹಾಗೆ ಮಾಡಿಕೊಳ್ಳಬಹುದು. ಕೋಟಿ ವ್ಯವಹಾರದ ಕಂಪನಿಗೆ ಇರುವ ಈ ಸೌಕರ್ಯ 40 ಯೂನಿಟ್ಟಿನ ಮನೆಗೆ ಇಲ್ಲ.

ಅಷ್ಟು ದೂರ ಯಾಕೆ, ಬಸ್ಸಿನಲ್ಲೇ ನೋಡಿ. ಶೂನ್ಯ ಟಿಕೆಟ್ಟನ್ನು ಯಾಕೆ ಹರಿದು ಕೊಡುತ್ತಾರೆ, ದುಡ್ಡೇ ಇಲ್ಲವಲ್ಲ ಎಂದು ಕೇಳುವವರುಂಟು. ಎಷ್ಟು ಜನ ಹೆಂಗಸರು ಎಲ್ಲಿಂದ ಎಲ್ಲಿಗೆ ಹೋದರು ಎನ್ನುವುದು ಕಂಡಕ್ಟರ್ ಯಂತ್ರದಲ್ಲಿ ದಾಖಲಾಗಿ, ಆ ಲೆಕ್ಕದ ಮೇಲೆ ಸಾರಿಗೆ ಸಂಸ್ಥೆ ಸರಕಾರದಿಂದ ದುಡ್ಡು ಕೇಳುತ್ತದೆ. ದಾಖಲೆ ಯಂತ್ರದಲ್ಲೂ ಉಂಟು, ಪ್ರಯಾಣಿಕರ ಕೈಯಲ್ಲೂ ಉಂಟು. ತಪಾಸಣೆಯವರು ಬಂದರೆ ಎರಡನ್ನೂ ತಾಳೆ ನೋಡುತ್ತಾರೆ. ಅಂಗಡಿಯವರಿಗೂ ಇದು ಹೊಸದಲ್ಲ. ಉದ್ರಿ ಬರೆಯುವ ಅಂಗಡಿಯಲ್ಲಿ ಸಾಹುಕಾರನ ಹತ್ತಿರ ಒಂದು ಪುಸ್ತಕ, ಗಿರಾಕಿ ಹತ್ತಿರ ಒಂದು ಪುಸ್ತಕ. ಸಾಮಾನು ಕೊಟ್ಟ ದಿನವೇ ಎರಡರಲ್ಲೂ ಬರೆದರೆ ತಿಂಗಳ ಕೊನೆಗೆ ಜಗಳವಿಲ್ಲ. ಒಬ್ಬನ ಹತ್ತಿರವೇ ಪುಸ್ತಕ ಇದ್ದರೆ ಸಾಹುಕಾರ ದೇವರಂಥವನಾದರೂ ಗಿರಾಕಿಗೆ ಸಂಶಯ ತಪ್ಪದು.

ಸ್ಮಾರ್ಟ್ ಮೀಟರ್ ಬಂದರೆ ಎಲ್ಲಾ ಸರಿಹೋಗುತ್ತದೆ, ಓದುವವರೇ ಬೇಡ, ಮೀಟರೇ ಅಂಕಿ ಕಳಿಸುತ್ತದೆ ಎಂದು ಹೇಳುವವರಿದ್ದಾರೆ. ಬೆಂಗಳೂರಿನ ಬೆಸ್ಕಾಂ 2025ರಲ್ಲಿ ಹೊಸ ಸಂಪರ್ಕಗಳಿಗೆ ಅದನ್ನು ಕಡ್ಡಾಯ ಮಾಡಿದಾಗ ಬೆಲೆ ಜಾಸ್ತಿಯಾಯಿತೆಂದು ಗಲಾಟೆಯೇ ಆಯಿತು. ಬೆಲೆ ಹಾಗಿರಲಿ. ಅಂಕಿ ಕಳಿಸಲು ನೆಟ್‌ವರ್ಕ್ ಬೇಕು. ಫೋನ್ ಮಾಡಲು ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಜೋಯಿಡಾದ ಹಳ್ಳಿಗಳಲ್ಲಿ ಮೀಟರ್ ಯಾವ ಗುಡ್ಡ ಹತ್ತಬೇಕು?

ಇನ್ನೊಂದು ಅನ್ಯಾಯ ಇದಕ್ಕಿಂತ ಹಳೆಯದು. ಪಾಲು ಗೊತ್ತಾದದ್ದು ಹಳೇ ಬಳಕೆಯ ಮೇಲೆ. ಅಂದರೆ 2022-23ರಲ್ಲಿ ಧಾರಾಳವಾಗಿ ಸುಟ್ಟು ತಿಂಗಳಿಗೆ 170 ಯೂನಿಟ್ ಬಿಲ್ಲು ಕಟ್ಟಿದವರಿಗೆ ಇವತ್ತು 187 ಯೂನಿಟ್ ಪುಕ್ಕಟೆ. ಹೆದರಿ ಹೆದರಿ ಒಂದೇ ಬಲ್ಬು ಹಚ್ಚಿ 30ರಲ್ಲಿ ಇದ್ದವರಿಗೆ 40. ಉಳಿಸಿದವರಿಗೆ ಸಿಕ್ಕಿದ ಬಹುಮಾನ ಇದು. ದುರುಪಯೋಗ ಆಗಬಾರದು ಎನ್ನುವ ಸರಕಾರದ ಮಾತಿನಲ್ಲಿ ಅರ್ಥವುಂಟು. ಆದರೆ ಆ ವರ್ಷ ಬಾಣಂತನಕ್ಕೆ ತವರಿಗೆ ಹೋಗಿ ಮನೆ ಮುಚ್ಚಿದವರು, ದುಡಿಯಲು ಗೋವೆಗೆ ಹೋಗಿದ್ದವರು ಈಗ ಊರಿಗೆ ಬಂದರೆ ಅವರ ಮೀಟರಿನ ಹಣೆಬರಹ ಬದಲಾಗುವುದು ಯಾವಾಗ?

ಅಂಗಡಿಕಾರರಿಗೆ ಇಲ್ಲೇ ಒಂದು ಮಾತು. ಗೃಹಜ್ಯೋತಿ ಮನೆಗೆ ಮಾತ್ರ. ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ಇಟ್ಟು ಮನೆಯ ಮೀಟರಿನಿಂದಲೇ ಫ್ರಿಜ್ ಓಡಿಸಿದರೆ, ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಟ್ಟರೆ, ಅದು ಬೇರೆ ದರದ ಬಳಕೆ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಲ್ಲಿ ಅನಧಿಕೃತ ಬಳಕೆಗೆ ಎರಡು ಪಟ್ಟು ದರ ಹಾಕಲು ಅವಕಾಶವುಂಟು. ಸೊನ್ನೆಯ ಆಸೆಗೆ ಬಿದ್ದು ಎರಡು ಪಟ್ಟು ಕಟ್ಟುವುದು ವ್ಯಾಪಾರವಲ್ಲ. ಅಂಗಡಿಗೆ ಬೇರೆ ಮೀಟರ್ ಹಾಕಿಸಿಕೊಳ್ಳುವುದೇ ಲೇಸು.

ಹಾಗಾದರೆ ಆಗಬೇಕಾದದ್ದು ಏನು? ದೊಡ್ಡ ಖರ್ಚಿನ ಕೆಲಸ ಒಂದೂ ಇಲ್ಲ. ಯಾವ ಊರಿನ ಮೀಟರ್ ಯಾವ ತಾರೀಖಿಗೆ ಓದುತ್ತಾರೆ ಎಂದು ಬಸ್ ನಿಲ್ದಾಣದಲ್ಲಿ, ಗ್ರಾಮ ಪಂಚಾಯತಿಯಲ್ಲಿ ಒಂದು ಹಾಳೆ ಅಂಟಿಸಲಿ. ಬರಲಾಗದೆ ಸರಾಸರಿ ಬಿಲ್ಲು ಕೊಟ್ಟರೆ ಅದು ಸರಾಸರಿ ಎಂದು ಕಣ್ಣಿಗೆ ಕಾಣುವಂತೆ ಅಚ್ಚಾಗಲಿ. ತಡವಾಗಿ ಓದಿದಾಗ ಎಷ್ಟು ದಿನದ ಬಳಕೆ ಎಂದು ಬರೆದು, ದಿನಕ್ಕೆ ಹಂಚಿ, ಆ ಪ್ರಕಾರವೇ ಪಾಲಿನ ಗೆರೆಯನ್ನೂ 200ರ ಗೆರೆಯನ್ನೂ ಹಿಡಿಯಲಿ. ದಿನದ ಲೆಕ್ಕ ಹಿಡಿದೇ ಇದ್ದರೆ ಇನ್ನೂ ಒಳ್ಳೆಯದು, ಅದನ್ನು ಚೀಟಿಯ ಮೇಲೆ ತೋರಿಸಲಿ. ಕಾಣದ ನ್ಯಾಯ ಗ್ರಾಹಕನಿಗೆ ನ್ಯಾಯ ಅನ್ನಿಸುವುದಿಲ್ಲ.

ಮನೆಯವರು ಮಾಡಬೇಕಾದದ್ದೂ ಉಂಟು. ಮೀಟರಿನ ಪಕ್ಕ ಒಂದು ರಟ್ಟು ತೂಗುಹಾಕಿ, ಪ್ರತಿ ತಿಂಗಳು ಒಂದನೇ ತಾರೀಖಿಗೆ ಅಂಕಿ ಬರೆದಿಡಿ. ಶಾಲೆಗೆ ಹೋಗುವ ಹುಡುಗರೇ ಬರೆಯುತ್ತಾರೆ. ಬಿಲ್ಲು ಬಂದ ದಿನ ಚೀಟಿಯ ಹಿಂದಿನ ರೀಡಿಂಗ್, ಇಂದಿನ ರೀಡಿಂಗ್, ತಾರೀಖು ಮೂರನ್ನೂ ಆ ರಟ್ಟಿಗೆ ಇಳಿಸಿಕೊಳ್ಳಿ. ಆ ಚೀಟಿಯ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಪೆನ್ನಿನದು ಉಳಿಯುತ್ತದೆ. ತಪ್ಪು ಕಂಡರೆ 1912ಕ್ಕೆ ಫೋನ್, ಇಲ್ಲವೆ ಉಪವಿಭಾಗದ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿಯೂ ಆಗದಿದ್ದರೆ ಜಿಲ್ಲೆಗೊಂದು ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಉಂಟು. ಬಾಯಿಮಾತಿನ ತಕರಾರಿಗೆ ಎಲ್ಲಿಯೂ ಬೆಲೆ ಇಲ್ಲ. ರಟ್ಟಿನ ಮೇಲಿನ ಅಂಕಿಗೆ ಬೆಲೆ ಉಂಟು.

ಕೊನೆಗೆ ಒಂದು ನೆನಪು ಮಾಡಬೇಕು. ಈ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು 101 ಮೀಟರ್ ಎತ್ತರ. ಅದರ ಹಿನ್ನೀರಿನಲ್ಲಿ ಹಳೇ ಸೂಪಾ ಪೇಟೆಯೇ ಮುಳುಗಿತು. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಒಂದೇ ಹೊಳೆಯ ನೀರಿನಿಂದ ನಾಲ್ಕು ಕಡೆ ಕರೆಂಟು ತೆಗೆಯುತ್ತಾರೆ. ಕದ್ರಾ ಒಂದರದ್ದೇ 150 ಮೆಗಾವ್ಯಾಟ್. ಪಕ್ಕದ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕಗಳು. ನಾಡಿಗೆ ಬೆಳಕು ಕೊಡಲು ಮನೆ, ಗದ್ದೆ ಬಿಟ್ಟು ಎದ್ದವರು ಈ ತಾಲೂಕಿನವರು. ಅವರು ಆಗ ಯೂನಿಟ್ ಲೆಕ್ಕ ಕೇಳಲಿಲ್ಲ. ಈಗ ಕೇಳುತ್ತಿರುವುದು ಪುಕ್ಕಟೆಯೂ ಅಲ್ಲ, ಸರಿಯಾದ ತಾರೀಖು.

ಹೆಸ್ಕಾಂನ ಅಧಿಕಾರಿಗಳು ಮುಂದಿನ ಮಳೆಗಾಲ ಘಟ್ಟ ಹತ್ತುವ ಮೊದಲು ಅಣಶಿಯ ನಿಲ್ದಾಣದಲ್ಲಿ ಆ ಒಂದು ಹಾಳೆ ಅಂಟಿಸುವರೇ?